ಮಹಾಧಮನಿಯ ಉಬ್ಬೂ ರಕ್ತದ ಹೆಪ್ಪೂ

ಮನೆಯ ಹಿರಿಯರೊಬ್ಬರಿಗೆ ದೊಡ್ಡ ಚಿಕಿತ್ಸೆಯೊಂದು ನಡೆದು, ಅವರು ಆಸ್ಪತ್ರೆಯಿಂದ ತಾವೇ ನಡೆದುಕೊಂಡು ಮನೆಗೆ ಬಂದರೆಂದರೆ, ಗಂಡಾಂತರವು ಕಳೆಯಿತೆಂದು ಮನೆಮಂದಿಯೆಲ್ಲರೂ ಸಮಾಧಾನಗೊಳ್ಳುವುದು ಲೋಕರೂಢಿ. ದೇವರಿಗೆ ಹಣ್ಣುಕಾಯಿ ಮಾಡಿಸುವರು. ನೆಂಟರಿಷ್ಟರಿಗೆ ಸುದ್ದಿ ಮುಟ್ಟಿಸುವರು. ಮರುದಿನದಿಂದ ಎಂದಿನ ಕೆಲಸಗಳಲ್ಲಿ ತೊಡಗುವರು. ಅನೇಕ ಚಿಕಿತ್ಸೆಗಳ ವಿಷಯದಲ್ಲಿ ಈ ಸಮಾಧಾನವು ನ್ಯಾಯವಾದುದೇ ಸರಿ. ಆದರೆ ಕೆಲವು ಚಿಕಿತ್ಸೆಗಳಲ್ಲಿ ವೈದ್ಯರ ಕೆಲಸವು ಮುಗಿದ ದಿನವೇ ಮನೆಯವರ ಕೆಲಸವು ಮೊದಲಾಗುವುದು. ಅಂಥವುಗಳಲ್ಲಿ ಒಂದನ್ನು ಕುರಿತು ಈ ತಿಂಗಳು ಬರೆಯಲು ಉದ್ದೇಶಿಸಿದ್ದೇವೆ. ಹೊಟ್ಟೆಯೊಳಗಣ ಮಹಾಧಮನಿಯು ಉಬ್ಬಿಕೊಂಡಾಗ, ಹೊಟ್ಟೆಯನ್ನು ಕೊಯ್ಯದೆ, ತೊಡೆಸಂದಿನ ರಕ್ತನಾಳದ ದಾರಿಯಿಂದಲೇ ಬಟ್ಟೆಯ ಕೊಳವೆಯೊಂದನ್ನು ಒಳಕ್ಕೆ ಸಾಗಿಸಿ ಕೂರಿಸುವ ಚಿಕಿತ್ಸೆಯೇ ಅದು. ವೈದ್ಯರು ಇದನ್ನು ‘ಎಂಡೋವ್ಯಾಸ್ಕ್ಯುಲರ್’ ಚಿಕಿತ್ಸೆಯೆನ್ನುವರು. ನಾಳದ ಒಳಗಿನಿಂದಲೇ ಮಾಡತಕ್ಕದ್ದು ಎಂದು ಇದರ ಅರ್ಥ. ಬೆಂಗಳೂರು ಮೊದಲಾದ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿಯೂ ಇದು ನಡೆಯುತ್ತಿರುವುದರಿಂದ, ನಮ್ಮ ವಾಚಕರ ಮನೆಗಳಿಗೂ ಇದು ಸಂಬಂಧಪಟ್ಟ ವಿಷಯವಾಗಿದೆ. ಈ ಚಿಕಿತ್ಸೆಯ ಬಳಿಕ ರಕ್ತವು ಹೆಪ್ಪುಗಟ್ಟುವುದರಿಂದ ಒದಗಬಹುದಾದ ತೊಡಕುಗಳು ಯಾವುವು, ಅವುಗಳನ್ನು ಮನೆಯವರು ಹೇಗೆ ಗುರುತಿಸಬೇಕು ಎಂಬುದೇ ಪ್ರಕೃತ ವಿಚಾರ.

ಮೊದಲು ಅಂಗರಚನೆಯನ್ನು ಕುರಿತು ಎರಡು ಮಾತು. ಹೃದಯದಿಂದ ದೇಹಕ್ಕೆ ಹೊರಡುವ ಶುದ್ಧರಕ್ತವೆಲ್ಲವೂ ಒಂದೇ ದೊಡ್ಡ ನಾಳದ ಮೂಲಕ ಹೊರಡುವುದು. ಇದಕ್ಕೆ ಮಹಾಧಮನಿ ಎಂದು ಹೆಸರು. ಇದು ಎದೆಯಲ್ಲಿ ಕೊಡೆಯ ಹಿಡಿಯಂತೆ ಬಾಗಿ, ಬೆನ್ನೆಲುಬಿನ ಮುಂದುಗಡೆಯೇ ಕೆಳಕ್ಕೆ ಇಳಿದು, ಹೊಕ್ಕುಳಿನ ಮಟ್ಟಕ್ಕೆ ಬರುವಷ್ಟರಲ್ಲಿ ಎರಡು ಕವಲಾಗಿ ಒಡೆದು, ಒಂದೊಂದು ಕವಲು ಒಂದೊಂದು ಕಾಲಿನ ಕಡೆಗೆ ಹೋಗುವುದು. ಹೊಟ್ಟೆಯ ಭಾಗದಲ್ಲಿ ಇದರ ಅಡ್ಡಳತೆಯು ಸುಮಾರು ೨ ಸೆಂಟಿಮೀಟರು. ವಯಸ್ಸು ಮೀರಿದಂತೆಲ್ಲ, ಅದರಲ್ಲಿಯೂ ಬೀಡಿ ಸಿಗರೇಟುಗಳ ಚಟವಿದ್ದವರಲ್ಲಿ, ರಕ್ತದ ಒತ್ತಡವು ಹೆಚ್ಚಿರುವವರಲ್ಲಿ, ವಂಶದಲ್ಲಿ ಈ ರೋಗವು ಕಂಡುಬಂದವರಲ್ಲಿ, ಈ ನಾಳದ ಗೋಡೆಯು ಸಡಿಲವಾಗಬಹುದು. ಸೈಕಲ್ಲಿನ ಹಳೆಯ ರಬ್ಬರು ಕೊಳವೆಯು ಒಂದು ಕಡೆ ಸವೆದಿದ್ದರೆ, ಗಾಳಿ ತುಂಬಿದಾಗ ಆ ಒಂದು ಕಡೆಯಲ್ಲಿ ಮಾತ್ರ ಬುಗ್ಗೆಯಂತೆ ಉಬ್ಬುವುದನ್ನು ಎಲ್ಲರೂ ನೋಡಿರಬಹುದು. ಮಹಾಧಮನಿಯಲ್ಲಿ ಆಗುವುದೂ ಇದೇ. ಅಡ್ಡಳತೆಯು ೩ ಸೆಂಟಿಮೀಟರನ್ನು ಮುಟ್ಟಿದರೆ ವೈದ್ಯರು ಅದನ್ನು ಅನ್ಯೂರಿಸಂ, ಎಂದರೆ ಧಮನಿಯ ಉಬ್ಬು, ಎಂದು ಕರೆಯುವರು. ಚಿಕ್ಕ ಉಬ್ಬನ್ನು ಆಗಾಗ ಅಳೆದು ನೋಡುತ್ತಿದ್ದರೆ ಸಾಕು. ಗಂಡಸರಲ್ಲಿ ೫.೫ ಸೆಂಟಿಮೀಟರಿನಷ್ಟು, ಹೆಂಗಸರಲ್ಲಿ ೫ ಸೆಂಟಿಮೀಟರಿನಷ್ಟು ಬೆಳೆದರೆ ಚಿಕಿತ್ಸೆಯ ಮಾತು ಬರುವುದು. ಸಾಮಾನ್ಯವಾಗಿ ಯಾವ ನೋವೂ ಇಲ್ಲದೆ ಬೆಳೆಯುವುದೇ ಈ ರೋಗದ ಕೇಡಿಗತನ. ಬಿರಿದ ಮೇಲಂತೂ ನೂರು ಮಂದಿಯಲ್ಲಿ ಸುಮಾರು ೮೦ ಮಂದಿ ಉಳಿಯುವುದಿಲ್ಲ. ಅನೇಕರು ಆಸ್ಪತ್ರೆಯ ಬಾಗಿಲನ್ನೇ ಮುಟ್ಟುವುದಿಲ್ಲ.

ಈ ಉಬ್ಬನ್ನು ಸರಿಪಡಿಸಲು ವೈದ್ಯರು ಪಟ್ಟ ಪಾಡು ಒಂದು ದೊಡ್ಡ ಕಥೆ. ಜಗತ್ಪ್ರಸಿದ್ಧ ವಿಜ್ಞಾನಿಗಳಾದ ಆಲ್ಬರ್ಟ್ ಐನ್‌ಸ್ಟೈನ್‌ರವರಿಗೆ ಇದೇ ರೋಗವಿದ್ದಿತು. ೧೯೪೮ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಆಸ್ಪತ್ರೆಯೊಂದರಲ್ಲಿ ಶಸ್ತ್ರವೈದ್ಯ ರುಡಾಲ್ಫ್ ನಿಸೆನ್‌ರವರು ಅವರ ಹೊಟ್ಟೆಯನ್ನು ಕೊಯ್ದು, ಉಬ್ಬಿದ ಧಮನಿಯ ಸುತ್ತಲೂ ಸೆಲೊಫೇನ್ ಹಾಳೆಯನ್ನು ಸುತ್ತಿದರು. ಆ ಹಾಳೆಯಿಂದ ಕೆರಳಿದ ಮಾಂಸವು ದಪ್ಪನಾಗಿ ಬೆಳೆದು ಗೋಡೆಯನ್ನು ಬಿಗಿಹಿಡಿಯಲಿ ಎಂಬುದೇ ಅಂದಿನ ಉಪಾಯ. ಆರು ವರ್ಷಗಳಿಗೂ ಹೆಚ್ಚು ಕಾಲ ಅದು ನಡೆಯಿತು. ೧೯೫೫ರ ಏಪ್ರಿಲ್ ತಿಂಗಳಲ್ಲಿ ಉಬ್ಬು ಬಿರಿಯಿತು. ಮತ್ತೊಂದು ಶಸ್ತ್ರಚಿಕಿತ್ಸೆಗೆ ಅವರು ಒಪ್ಪಲಿಲ್ಲ. ೧೮ನೆಯ ತಾರೀಖಿನಂದು ಪ್ರಿನ್ಸ್‌ಟನ್ನಿನಲ್ಲಿ ತೀರಿಕೊಂಡರು. ಇಷ್ಟರಲ್ಲಿ, ೧೯೫೧ರಲ್ಲಿ, ಪ್ಯಾರಿಸ್ಸಿನ ಷಾರ್ಲ್ ಡ್ಯುಬೋ ಎಂಬವರು ಉಬ್ಬಿದ ಭಾಗವನ್ನು ಕತ್ತರಿಸಿ ತೆಗೆದು, ಮೃತದೇಹದಿಂದ ತಂದ ಧಮನಿಯ ತುಂಡನ್ನು ಅಲ್ಲಿ ಹೊಲಿದು ಯಶಸ್ವಿಯಾಗಿದ್ದರು. ಅದೇ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಮೈಕೇಲ್ ಡಿಬೇಕಿಯವರು ಡೇಕ್ರಾನ್ ಎಂಬ ಬಟ್ಟೆಯನ್ನು ಅಂಗಡಿಯಿಂದ ತಂದು, ತಮ್ಮ ಪತ್ನಿಯ ಹೊಲಿಗೆಯ ಯಂತ್ರದಲ್ಲಿ ತಾವೇ ಹೊಲಿದು ಕೊಳವೆ ಮಾಡಿದರು. ಅಂದಿನಿಂದ ಬಟ್ಟೆಯ ಕೊಳವೆಯು ವೈದ್ಯಶಾಸ್ತ್ರದಲ್ಲಿ ನೆಲೆಯಾಗಿ ನಿಂತಿತು.

ಹೊಟ್ಟೆಯನ್ನು ಕೊಯ್ಯದೆಯೇ ಈ ಕೊಳವೆಯನ್ನು ಒಳಕ್ಕೆ ಕಳುಹಿಸುವ ಬಗೆ ಬಂದುದು ಆಮೇಲೆ. ಅಂದು ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ, ಇಂದು ಯುಕ್ರೇನಿನಲ್ಲಿರುವ ಖಾರ್ಕಿವ್ ನಗರದಲ್ಲಿ ನಿಕೊಲಾಯ್ ವೊಲೊಡೊಸ್‌ರವರು ೧೯೮೭ರಲ್ಲಿ ಎದೆಯ ಭಾಗದ ಮಹಾಧಮನಿಯಲ್ಲಿ ಇದನ್ನು ಸಾಧಿಸಿದರು. ಹೊಟ್ಟೆಯ ಭಾಗದಲ್ಲಿ ಸಾಧಿಸಿದವರು ಆರ್ಜೆಂಟೀನಾ ದೇಶದ ಹುವಾನ್ ಪಾರೋದಿಯವರು. ೧೯೯೦ರ ಸೆಪ್ಟೆಂಬರಿನಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ಅವರು ಮೊದಲ ರೋಗಿಗೆ ಈ ಚಿಕಿತ್ಸೆಯನ್ನು ಮಾಡಿದರು. ಹೊಟ್ಟೆ ಕೊಯ್ಯಿಸಿಕೊಂಡು ತಡೆದುಕೊಳ್ಳಲಾರದ ಮುದುಕರಿಗೆ, ಹೃದಯವೋ ಶ್ವಾಸಕೋಶವೋ ದುರ್ಬಲವಾದವರಿಗೆ, ಇದೊಂದು ಹೊಸ ಬಾಗಿಲಾಯಿತು. ಇಂದಿನ ಕೊಳವೆಯು ಷರಾಯಿಯ ಆಕಾರದ್ದು. ಸೊಂಟದ ಭಾಗವು ಮಹಾಧಮನಿಯಲ್ಲಿ ಕೂರುವುದು. ಎರಡು ಕಾಲುಗಳು ಎರಡು ಕವಲುಗಳೊಳಕ್ಕೆ ಇಳಿಯುವುವು. ಬಟ್ಟೆಯನ್ನು ತೆರೆದು ಹಿಡಿದಿರಲು ಲೋಹದ ಸಣ್ಣ ತಂತಿಗಳ ಚೌಕಟ್ಟು ಇರುವುದು. ಇದನ್ನು ಮಡಿಸಿ, ಸಣ್ಣ ನಳಿಗೆಯೊಳಗೆ ತುಂಬಿ, ತೊಡೆಸಂದಿನ ಧಮನಿಯಿಂದ ಮೇಲಕ್ಕೆ ಸಾಗಿಸಿ, ಎಕ್ಸ್‌ರೇ ತೆರೆಯಲ್ಲಿ ನೋಡುತ್ತ ತಕ್ಕ ಸ್ಥಳದಲ್ಲಿ ಬಿಡಿಸುವರು. ಆ ಬಳಿಕ ರಕ್ತವು ಕೊಳವೆಯೊಳಗಿನಿಂದ ಹರಿಯುವುದು. ಉಬ್ಬಿದ ಗೋಡೆಗೆ ರಕ್ತದ ಹೊಡೆತವು ತಪ್ಪುವುದು.

ಇನ್ನು ಹೆಪ್ಪಿನ ವಿಚಾರ. ಹಾಲು ಮೊಸರಾಗುವುದೂ ರಕ್ತವು ಗರಣೆಗಟ್ಟುವುದೂ ಒಂದೇ ಕ್ರಿಯೆಯಲ್ಲ. ಆದರೂ ಅಡಿಗೆಮನೆಯ ಅನುಭವವು ಇಲ್ಲಿ ಒಂದಿಷ್ಟು ಉಪಯೋಗಕ್ಕೆ ಬರುವುದು. ಹೆಪ್ಪು ಹಾಕಿದ ಹಾಲನ್ನು ಮೂಲೆಯಲ್ಲಿ ಅಲುಗದಂತೆ ಇಡಬೇಕು. ಮತ್ತೆಮತ್ತೆ ಕದಡುತ್ತಿದ್ದರೆ ಮೊಸರು ಗಟ್ಟಿಯಾಗಿ ಕೂರದು. ರಕ್ತಕ್ಕೂ ನಿಂತಲ್ಲಿ ಗಟ್ಟಿಯಾಗುವ ಗುಣವುಂಟು. ಬೆರಳು ಕೊಯ್ದಾಗ ಪ್ಲೇಟ್‌ಲೆಟ್ ಎಂಬ ಸೂಕ್ಷ್ಮ ಕಣಗಳು ಓಡಿಬಂದು ಗಾಯದ ಬಾಯಿಗೆ ಅಂಟಿಕೊಳ್ಳುವುವು. ರಕ್ತದಲ್ಲಿ ಕರಗಿರುವ ಒಂದು ಪದಾರ್ಥವು ಫೈಬ್ರಿನ್ ಎಂಬ ನಾರಾಗಿ ಮಾರ್ಪಟ್ಟು ಬಲೆ ನೆಯ್ಯುವುದು. ಆ ಬಲೆಯಲ್ಲಿ ರಕ್ತಕಣಗಳು ಸಿಕ್ಕಿ ಗರಣೆಯಾಗುವುದು. ಈ ಗುಣವಿಲ್ಲದಿದ್ದರೆ ತರಕಾರಿ ಹೆಚ್ಚುವಾಗ ಆದ ಸಣ್ಣ ಗಾಯದಿಂದಲೇ ಮನುಷ್ಯನು ಕಷ್ಟಕ್ಕೆ ಸಿಕ್ಕುವನು. ಆದರೆ ನಾಳದೊಳಗೆ ಇದೇ ಕ್ರಿಯೆ ನಡೆದರೆ ದಾರಿಯೇ ಮುಚ್ಚಿಹೋಗುವುದು. ಜರ್ಮನಿಯ ರುಡಾಲ್ಫ್ ವಿರ್ಶೋರವರು ಈ ವಿಚಾರವನ್ನು ಆಳವಾಗಿ ಶೋಧಿಸಿ ೧೮೫೬ರಲ್ಲಿ ತಮ್ಮ ಬರಹಗಳನ್ನು ಪ್ರಕಟಿಸಿದರು. ರಕ್ತದ ಹರಿವು ನಿಧಾನವಾಗುವುದು, ನಾಳದ ಒಳಮೈ ಕೆಡುವುದು, ರಕ್ತದ ಗುಣವೇ ಬದಲಾಗುವುದು, ಈ ಮೂರು ಕಾರಣಗಳನ್ನು ವೈದ್ಯರು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ.

ನಮ್ಮ ನಾಳಗಳ ಒಳಮೈಗೆ ನುಣುಪಾದ ಜೀವಕಣಗಳ ಹಾಸು ಇದೆ. ಆ ಹಾಸು ಕೇವಲ ನುಣುಪಾದುದಲ್ಲ. ರಕ್ತವು ಅಂಟದಂತೆ ತಡೆಯುವ ರಸಗಳನ್ನು ಎಡೆಬಿಡದೆ ಒಸರುತ್ತಿರುವುದು. ಬಟ್ಟೆಯ ಕೊಳವೆಗೆ ಈ ಹಾಸು ಎಲ್ಲಿಂದ ಬರಬೇಕು? ತುದಿಗಳಲ್ಲಿ ಒಂದಿಷ್ಟು ದೂರ ಮಾತ್ರ ಅದು ಬೆಳೆದುಬರುವುದು. ಉಳಿದ ಭಾಗವು ಎಂದೆಂದಿಗೂ ಪರಕೀಯ ವಸ್ತುವಾಗಿಯೇ ಉಳಿಯುವುದು. ಇಷ್ಟಾದರೂ ಮಹಾಧಮನಿಯ ಹರಿವು ಬಲವಾದುದರಿಂದ ಬಹುಮಟ್ಟಿಗೆ ಅಲ್ಲಿ ಗರಣೆಯು ನಿಲ್ಲುವುದಿಲ್ಲ. ಹೊಳೆಯು ರಭಸವಾಗಿ ಹರಿಯುವೆಡೆ ಹೂಳು ಕೂರದಷ್ಟೆ.

ಇಲ್ಲಿಯೇ ಈ ಚಿಕಿತ್ಸೆಯ ಮರ್ಮವನ್ನು ವಾಚಕರು ಗಮನಿಸಬೇಕು. ಕೊಳವೆಯನ್ನು ಕೂರಿಸಿದಮೇಲೆ ಅದರ ಹೊರಗೆ, ಹಳೆಯ ಉಬ್ಬಿನ ಚೀಲದೊಳಗೆ, ಒಂದಿಷ್ಟು ರಕ್ತವು ಸಿಕ್ಕಿಕೊಂಡಿರುವುದು. ಆ ರಕ್ತವು ಹೆಪ್ಪುಗಟ್ಟಲೇ ಬೇಕು. ಹೆಪ್ಪುಗಟ್ಟಿದರೆ ಚೀಲವು ಶಾಂತವಾಗಿ, ಕಾಲಕ್ರಮದಲ್ಲಿ ಕುಗ್ಗುವುದು. ಹೆಪ್ಪುಗಟ್ಟದೆ ಅಲ್ಲಿಗೆ ಹೊಸ ರಕ್ತವು ಸೋರಿ ಬರುತ್ತಲೇ ಇದ್ದರೆ ಚೀಲವು ಮತ್ತೆ ಬೆಳೆದು ಬಿರಿಯಲೂಬಹುದು. ಆದರೆ ಬಟ್ಟೆಯ ಆಚೆಗೆ ಇಷ್ಟು ಬೇಕಾದ ಹೆಪ್ಪು ಬಟ್ಟೆಯ ಈಚೆಗೆ, ಕೊಳವೆಯೊಳಗೆ, ಲವಲೇಶವೂ ಬೇಡ. ಕೂದಲೆಳೆಯ ದಪ್ಪದ ಬಟ್ಟೆಯ ಒಂದು ಮಗ್ಗುಲಲ್ಲಿ ಹೆಪ್ಪು ಮಿತ್ರ, ಇನ್ನೊಂದು ಮಗ್ಗುಲಲ್ಲಿ ಶತ್ರು. ವೈದ್ಯರ ಔಷಧಗಳಿಗೂ ಮನೆಯವರ ಎಚ್ಚರಿಕೆಗೂ ಇದೇ ಮೂಲವಾದ ಕಾರಣ. ಚಿಕಿತ್ಸೆಯ ಮೊದಲ ಕೆಲವು ದಿನಗಳಲ್ಲಿ ಕೆಲವರಿಗೆ ಜ್ವರವು ಬರುವುದುಂಟು. ಹೊಸ ಬಟ್ಟೆಯನ್ನೂ ಹೊಸ ಗರಣೆಯನ್ನೂ ದೇಹವು ಎದುರಿಸುವುದರಿಂದ ಹೀಗಾಗುವುದೆಂದು ವೈದ್ಯರ ಅಭಿಪ್ರಾಯ. ಬಹುಮಂದಿಯಲ್ಲಿ ಅದು ತಾನಾಗಿಯೇ ಇಳಿಯುವುದು. ಆದರೂ ಸೋಂಕಿನ ಜ್ವರವಲ್ಲವೆಂದು ವೈದ್ಯರೇ ಪರೀಕ್ಷಿಸಿ ಹೇಳಬೇಕು.

ಈಚೆಗಣ ಹೆಪ್ಪಿನಿಂದ ಬರುವ ತೊಡಕುಗಳಲ್ಲಿ ಮುಖ್ಯವಾದುದು ಷರಾಯಿಯ ಒಂದು ಕಾಲು ಮುಚ್ಚಿಹೋಗುವುದು. ಬೇರೆಬೇರೆ ಆಸ್ಪತ್ರೆಗಳ ವರದಿಗಳಲ್ಲಿ ಇದು ನೂರರಲ್ಲಿ ಒಂದೆರಡು ಮಂದಿಯಿಂದ ಏಳು ಮಂದಿಯವರೆಗೆ ಕಂಡುಬಂದಿದೆ. ಹೆಚ್ಚಿನವು ಮೊದಲನೆಯ ವರ್ಷದಲ್ಲಿ, ಅದರಲ್ಲಿಯೂ ಮೊದಲ ಕೆಲವು ತಿಂಗಳಲ್ಲಿ ಆಗುವುವು. ಕಾರಣವೇನೆಂದರೆ, ವಯಸ್ಸಾದವರ ಧಮನಿಗಳು ಹಳ್ಳಿಯ ಕಾಲುದಾರಿಯಂತೆ ಅಂಕುಡೊಂಕಾಗಿರುವುದುಂಟು. ಸುಣ್ಣಗಟ್ಟಿ ಕಿರಿದಾಗಿರುವುದೂ ಉಂಟು. ಅಂಥ ದಾರಿಯಲ್ಲಿ ಇಳಿದ ಕೊಳವೆಯು ಮಡಿಸಿಕೊಂಡರೆ ಅಥವಾ ಇಕ್ಕಟ್ಟಿನಲ್ಲಿ ಸಿಕ್ಕಿ ಅಮುಕಿಕೊಂಡರೆ ಹರಿವು ತಗ್ಗುವುದು. ತೋಟಕ್ಕೆ ನೀರು ಬಿಡುವ ರಬ್ಬರು ಕೊಳವೆಯು ಒಂದು ಕಡೆ ಮಡಿಸಿಕೊಂಡರೆ ಗಿಡಕ್ಕೆ ನೀರು ಮುಟ್ಟದಿರುವುದನ್ನು ಎಲ್ಲರೂ ಕಂಡಿದ್ದೇವೆ. ಲೆಕ್ಕದಂತೆ ನೋಡಿದರೆ, ನೇರವಾದ ಕೊಳವೆಯ ಅಡ್ಡಳತೆಯು ಉದ್ದಕ್ಕೂ ಅರ್ಧಕ್ಕೆ ಇಳಿದಾಗ, ಅದೇ ಒತ್ತಡದಲ್ಲಿ ಸಾವಧಾನವಾಗಿ ಹರಿಯುವ ದ್ರವವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುವುದು. ಹರಿವು ತಗ್ಗಿದಲ್ಲಿ ಹೆಪ್ಪು ಕೂರುವುದು. ಹೆಪ್ಪು ಕೂತಷ್ಟೂ ಹರಿವು ಮತ್ತೂ ತಗ್ಗುವುದು. ಕಡೆಗೆ ಒಂದು ದಿನ ದಾರಿಯು ಪೂರ್ತಿಯಾಗಿ ಮುಚ್ಚುವುದು.

ಎರಡನೆಯದು, ಗರಣೆಯ ಚೂರುಗಳು ಹಾರಿಹೋಗುವುದು. ದೊಡ್ಡ ಉಬ್ಬುಗಳ ಒಳಗೋಡೆಗೆ ಚಿಕಿತ್ಸೆಗೆ ಮುಂಚೆಯೇ ಪದರಪದರವಾಗಿ ಹಳೆಯ ಗರಣೆಯು ಮೆತ್ತಿಕೊಂಡಿರುವುದು ಸಾಮಾನ್ಯ. ತಂತಿಗಳನ್ನೂ ನಳಿಗೆಗಳನ್ನೂ ಆಡಿಸುವಾಗ ಅದರ ಚೂರೊಂದು ಕಳಚಿದರೆ, ರಕ್ತದ ಹರಿವಿನಲ್ಲಿ ತೇಲಿಹೋಗಿ ಮೂತ್ರಪಿಂಡದಲ್ಲಿಯೋ ಕರುಳಿನ ನಾಳದಲ್ಲಿಯೋ ಕಾಲಿನ ಬೆರಳಿನಲ್ಲಿಯೋ ಸಿಕ್ಕಿಕೊಳ್ಳಬಹುದು. ಪಾದದ ನಾಡಿಯು ಚೆನ್ನಾಗಿಯೇ ಇದ್ದು, ಬೆರಳುಗಳು ಮಾತ್ರ ನೇರಳೆಯ ಬಣ್ಣಕ್ಕೆ ತಿರುಗುವುದು ಇದರ ಒಂದು ಗುರುತು. ಕರುಳಿಗೆ ರಕ್ತವು ಕಡಿಮೆಯಾದರೆ ಹೊಟ್ಟೆನೋವೂ ರಕ್ತಭೇದಿಯೂ ಕಾಣಿಸಿಕೊಳ್ಳುವುದು. ಈ ಅಪಾಯಗಳಿಗಾಗಿಯೇ ಚಿಕಿತ್ಸೆಯು ನಡೆಯುತ್ತಿರುವಾಗ ಹೆಪರಿನ್ ಎಂಬ ಔಷಧವನ್ನು ರಕ್ತಕ್ಕೆ ಸೇರಿಸುವರು. ಅಮೆರಿಕದ ಬಾಲ್ಟಿಮೋರಿನಲ್ಲಿ ೧೯೧೬ರಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿಗೆ, ರಕ್ತವನ್ನು ಹೆಪ್ಪುಗಟ್ಟಿಸುವ ಪದಾರ್ಥವನ್ನು ಹುಡುಕುತ್ತಿರುವಾಗ, ಅದನ್ನು ತಡೆಯುವ ಪದಾರ್ಥವು ದೊರೆತುದೇ ಈ ಔಷಧದ ಮೂಲ. ನಾಯಿಯ ಪಿತ್ತಜನಕಾಂಗದಿಂದ ಬಂದುದರಿಂದ, ಆ ಅಂಗದ ಗ್ರೀಕ್ ಹೆಸರಿನ ಮೇಲೆ ಇದಕ್ಕೆ ಹೆಸರಾಯಿತು.

ಮೂರನೆಯದು ಕಾಲಿನ ಸಿರೆಗಳಲ್ಲಿ, ಎಂದರೆ ಹೃದಯಕ್ಕೆ ಹಿಂದಿರುಗುವ ನಾಳಗಳಲ್ಲಿ, ಹೆಪ್ಪು ಕೂರುವುದು. ಇದು ಈ ಚಿಕಿತ್ಸೆಗೇ ವಿಶೇಷವಾದುದಲ್ಲ. ಯಾವ ದೊಡ್ಡ ಚಿಕಿತ್ಸೆಯ ಬಳಿಕವಾದರೂ ಹಾಸಿಗೆ ಹಿಡಿದು ಮಲಗಿದವರಲ್ಲಿ ಕಾಣಬರುವುದು. ಎರಡನ್ನೂ ಮನೆಯವರು ಬೇರ್ಪಡಿಸಿ ತಿಳಿದಿರುವುದು ಒಳ್ಳೆಯದು. ಧಮನಿಯು ಮುಚ್ಚಿದರೆ ಕಾಲು ಬಿಳಿಚಿಕೊಂಡು ತಣ್ಣಗಾಗುವುದು. ಸಿರೆಯು ಮುಚ್ಚಿದರೆ ಕಾಲು ಊದಿಕೊಂಡು ಬಿಸಿಯಾಗುವುದು, ಮೀನಖಂಡವು ನೋಯುವುದು. ಸಿರೆಯ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಹಠಾತ್ತಾಗಿ ಏದುಸಿರೂ ಎದೆನೋವೂ ಬರುವುವು. ಎರಡರಲ್ಲಿಯೂ ವಿಳಂಬವು ಸಲ್ಲದು.

ನಾಲ್ಕನೆಯದು ಅಪರೂಪವಾದುದು, ಆದರೆ ವಿಚಿತ್ರವಾದುದು. ಉಬ್ಬಿನ ಚೀಲವು ಬಹಳ ದೊಡ್ಡದಾಗಿದ್ದು, ಅಲ್ಲಿ ಹೆಪ್ಪು ಕಟ್ಟುವುದೂ ಕರಗುವುದೂ ಎಡೆಬಿಡದೆ ನಡೆದರೆ, ದೇಹದಲ್ಲಿರುವ ಪ್ಲೇಟ್‌ಲೆಟ್‌ಗಳೂ ಹೆಪ್ಪುಗಟ್ಟಿಸುವ ಇತರ ಪದಾರ್ಥಗಳೂ ಅಲ್ಲಿಯೇ ಖರ್ಚಾಗಿಹೋಗುವುವು. ಮದುವೆಮನೆಯಲ್ಲಿ ಒಂದೇ ಪಂಕ್ತಿಗೆ ಅನ್ನವೆಲ್ಲವೂ ಬಡಿಸಿ ಮುಗಿದರೆ ಉಳಿದ ಪಂಕ್ತಿಗಳು ಬರಿಯ ಎಲೆಯ ಮುಂದೆ ಕೂರುವ ಹಾಗೆ, ದೇಹದ ಬೇರೆ ಭಾಗಗಳಲ್ಲಿ ರಕ್ತವು ನಿಲ್ಲದೆ ಒಸರತೊಡಗುವುದು. ಒಸಡಿನಲ್ಲಿ ರಕ್ತ, ತಾಗದೆಯೇ ಚರ್ಮದಲ್ಲಿ ಕಪ್ಪುನೀಲಿಯ ಕಲೆಗಳು, ಸೂಜಿ ಚುಚ್ಚಿದಲ್ಲಿ ನಿಲ್ಲದ ರಕ್ತ, ಇವು ಅದರ ಚಿಹ್ನೆಗಳು. ಚಿಕಿತ್ಸೆಯ ಬಳಿಕವೂ ಚೀಲಕ್ಕೆ ರಕ್ತವು ಸೋರುತ್ತಿರುವವರಲ್ಲಿ ಇದು ಉಂಟಾಗಬಹುದು. ಇಂಥವರಿಗೆ ಔಷಧದ ಹದವನ್ನು ನಿಶ್ಚಯಿಸುವುದು ನುರಿತ ವೈದ್ಯರಿಗೂ ಸುಲಭವಲ್ಲ. ಹೆಪ್ಪುಗಟ್ಟದಂತೆ ಮಾಡುವ ಬಲವಾದ ಔಷಧಗಳನ್ನು ಬೇರೆ ಕಾರಣಕ್ಕಾಗಿ ಸೇವಿಸುತ್ತಿರುವವರಲ್ಲಿ ಚೀಲದ ಸೋರಿಕೆಯು ನಿಲ್ಲುವುದು ತಡವಾಗುವುದೆಂದು ಕೆಲವು ಪರಿಶೀಲನೆಗಳಲ್ಲಿ ಕಂಡುಬಂದಿದೆ. ಆದುದರಿಂದ ಹೆಪ್ಪಿನ ಭಯದಿಂದ ನೆರೆಮನೆಯವರ ಮಾತ್ರೆಯನ್ನು ತಾವೂ ನುಂಗುವುದಾಗಲಿ, ರಕ್ತಸ್ರಾವದ ಭಯದಿಂದ ವೈದ್ಯರು ಕೊಟ್ಟ ಆಸ್ಪಿರಿನ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದಾಗಲಿ ಎರಡೂ ತಪ್ಪು. ಹಲ್ಲು ಕೀಳಿಸುವುದಕ್ಕೆ ಹೋದಾಗಲೂ ಮೊದಲು ಈ ಚಿಕಿತ್ಸೆಯಾಗಿರುವ ಸಂಗತಿಯನ್ನು ಹೇಳಬೇಕು.

ಇಷ್ಟೆಲ್ಲ ತೊಡಕುಗಳನ್ನು ಓದಿದ ವಾಚಕರು, ಹಾಗಾದರೆ ಈ ಚಿಕಿತ್ಸೆಯೇ ಬೇಡವೆಂದು ಹೇಳಿಯಾರು. ನಮ್ಮ ಅಭಿಪ್ರಾಯವು ಅದಲ್ಲ. ಬ್ರಿಟನ್ನಿನಲ್ಲಿ ಸಾವಿರಕ್ಕೂ ಮಿಕ್ಕಿದ ರೋಗಿಗಳನ್ನು ಎರಡು ಗುಂಪುಮಾಡಿ, ಒಂದಕ್ಕೆ ಹೊಟ್ಟೆ ಕೊಯ್ದು, ಇನ್ನೊಂದಕ್ಕೆ ನಾಳದ ಒಳಗಿನಿಂದ ಚಿಕಿತ್ಸೆ ಮಾಡಿ ತೂಗಿನೋಡಿದರು. ೨೦೦೪ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೊದಲ ೩೦ ದಿನಗಳಲ್ಲಿ ತೀರಿಕೊಂಡವರು ಕೊಯ್ದ ಗುಂಪಿನಲ್ಲಿ ನೂರಕ್ಕೆ ೪.೭, ಒಳಗಿನಿಂದ ಮಾಡಿದ ಗುಂಪಿನಲ್ಲಿ ೧.೭. ಲಾಭವು ಸ್ಪಷ್ಟವಾಗಿದೆ. ಆದರೆ ಅದೇ ರೋಗಿಗಳನ್ನು ಹದಿನೈದು ವರ್ಷಗಳವರೆಗೂ ಹಿಂಬಾಲಿಸಿ ೨೦೧೬ರಲ್ಲಿ ಪ್ರಕಟಿಸಿದ ಫಲಿತಾಂಶವು ಎಚ್ಚರಿಕೆಯನ್ನೂ ಹೇಳುತ್ತದೆ. ಎಂಟು ವರ್ಷಗಳು ಕಳೆದಮೇಲೆ ಈ ಲಾಭವು ತಿರುಗಿಬಿತ್ತು. ಒಳಗಿನಿಂದ ಚಿಕಿತ್ಸೆ ಮಾಡಿದವರಲ್ಲಿಯೇ ಸಾವು ಹೆಚ್ಚಾಯಿತು. ಹಳೆಯ ಉಬ್ಬು ಮತ್ತೆ ಬೆಳೆದು ಬಿರಿದುದು ಅದರ ಮುಖ್ಯ ಕಾರಣಗಳಲ್ಲಿ ಒಂದು. ಇದರ ತಾತ್ಪರ್ಯವೇನೆಂದರೆ, ಈ ಚಿಕಿತ್ಸೆಯು ಒಂದೇ ಸಲಕ್ಕೆ ಕಟ್ಟಿ ಮುಗಿಸಿದ ಮನೆಯಲ್ಲ. ವರ್ಷಕ್ಕೊಮ್ಮೆ ಹೆಂಚು ತಿರುವಬೇಕಾದ ಮನೆ. ಒಂದು ತಿಂಗಳ ಬಳಿಕ, ಒಂದು ವರ್ಷದ ಬಳಿಕ, ಆಮೇಲೆ ಸಾಮಾನ್ಯವಾಗಿ ವರ್ಷವರ್ಷವೂ, ವೈದ್ಯರು ಹೇಳಿದಂತೆ ಸ್ಕ್ಯಾನ್ ಪರೀಕ್ಷೆಗೆ ಹೋಗುತ್ತಲೇ ಇರಬೇಕು. ಮಡಿಸಿಕೊಳ್ಳುತ್ತಿರುವ ಕೊಳವೆಯೂ ಸೋರುತ್ತಿರುವ ಚೀಲವೂ ಅನೇಕ ವೇಳೆ ರೋಗಿಗೆ ತಿಳಿಯುವ ಮುನ್ನವೇ ಅಲ್ಲಿ ಕಾಣುವುವು.

ಎರಡು ಪರೀಕ್ಷೆಗಳ ನಡುವೆ ಕಾವಲು ಮನೆಯವರದು. ಆಸ್ಪತ್ರೆಯಿಂದ ಹೊರಡುವ ಮುನ್ನ ಎರಡು ಪಾದಗಳ ನಾಡಿಯನ್ನು ಎಲ್ಲಿ ನೋಡಬೇಕೆಂದು ವೈದ್ಯರನ್ನೋ ದಾದಿಯರನ್ನೋ ಕೇಳಿ, ಬೆರಳಿಟ್ಟು ಕಲಿತುಕೊಳ್ಳಬೇಕು. ಪಾದದ ಮೇಲುಭಾಗದಲ್ಲಿ, ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಣ ಗೆರೆಯನ್ನು ಹಿಡಿದು ಮೇಲಕ್ಕೆ ಬಂದರೆ ಒಂದು ನಾಡಿ ಸಿಕ್ಕುವುದು. ಕಾಲಿನ ಒಳಮಗ್ಗುಲ ಹರಡಿನ ಗಂಟಿನ ಹಿಂದೆ ಇನ್ನೊಂದು. ಕೆಲವರಲ್ಲಿ ಮೊದಲಿನಿಂದಲೇ ಒಂದು ನಾಡಿಯು ಸಿಕ್ಕದಿರಬಹುದು. ಅದನ್ನೂ ಗುರುತು ಹಾಕಿಕೊಂಡಿರಬೇಕು. ದಿನವೂ ಸ್ನಾನವಾದ ಮೇಲೆ ಎರಡು ಪಾದಗಳನ್ನೂ ಮುಟ್ಟಿ ಹೋಲಿಸಿ ನೋಡುವುದು ಅರ್ಧ ನಿಮಿಷದ ಕೆಲಸ. ಮೊದಲು ಲೀಲಾಜಾಲವಾಗಿ ದೇವಸ್ಥಾನದವರೆಗೆ ನಡೆಯುತ್ತಿದ್ದವರು ಈಗ ಅರ್ಧ ದಾರಿಯಲ್ಲಿ ಮೀನಖಂಡದಲ್ಲಿಯೋ ತೊಡೆಯಲ್ಲಿಯೋ ಪೃಷ್ಠದಲ್ಲಿಯೋ ನೋವು ಬಂದು ನಿಂತು, ಒಂದು ಗಳಿಗೆ ಸುಧಾರಿಸಿಕೊಂಡು ಮತ್ತೆ ನಡೆಯುತ್ತಿದ್ದರೆ, ವಯಸ್ಸಾಯಿತೆಂದು ಸುಮ್ಮನಾಗಕೂಡದು. ಕೊಳವೆಯ ಕಾಲು ಕಿರಿದಾಗುತ್ತಿರಬಹುದು. ಆ ವಾರವೇ ವೈದ್ಯರಿಗೆ ತಿಳಿಸಬೇಕು. ಪೂರ್ತಿ ಮುಚ್ಚುವ ಮುನ್ನ ಸರಿಪಡಿಸುವುದು ಸುಲಭ.

ಹಠಾತ್ತಾಗಿ ಒಂದು ಕಾಲಿನಲ್ಲಿ ತೀವ್ರವಾದ ನೋವು ಬಂದು, ಅದು ಬಿಳಿಚಿಕೊಂಡು, ಇನ್ನೊಂದಕ್ಕಿಂತ ತಣ್ಣಗಾಗಿ, ಜೋಮು ಹಿಡಿದು, ಬೆರಳುಗಳನ್ನು ಆಡಿಸಲು ಆಗದಿದ್ದರೆ, ಆಗ ವಾರದ ಮಾತಲ್ಲ, ಗಂಟೆಗಳ ಮಾತು. ರಕ್ತವಿಲ್ಲದೆ ಕಾಲಿನ ಮಾಂಸವು ಸುಮಾರು ೬ ಗಂಟೆಗಳ ಕಾಲ ಮಾತ್ರ ತಾಳಬಲ್ಲುದು; ಆಮೇಲೆ ಆದ ಹಾನಿಯು ತಿರುಗಿ ಸರಿಹೋಗದು. ಇಲ್ಲಿಯೇ ನಮ್ಮ ಮನೆಗಳಲ್ಲಿ ಅನರ್ಥವು ನಡೆಯುವುದು. ವಾಯುವೆಂದು ಒಬ್ಬರು, ನರ ಹಿಡಿದಿದೆಯೆಂದು ಇನ್ನೊಬ್ಬರು, ಉಳುಕೆಂದು ಮತ್ತೊಬ್ಬರು ಹೇಳುವರು. ತಣ್ಣಗಿದೆಯೆಂದು ಬಿಸಿನೀರಿನ ಚೀಲವನ್ನಿಡುವರು. ಬಿಸಿಯೆಣ್ಣೆಯನ್ನು ಹಾಕಿ ತಿಕ್ಕುವರು. ಸ್ಪರ್ಶಜ್ಞಾನವಿಲ್ಲದ ಕಾಲಿಗೆ ಬಿಸಿ ಮುಟ್ಟಿದ್ದು ತಿಳಿಯದೆ ಚರ್ಮವು ಬೆಂದುಹೋಗುವುದು. ರಾತ್ರಿಯ ಹೊತ್ತಾದರೆ ಬೆಳಗಾಗಲಿ ನೋಡೋಣವೆಂದು ಕಾಯುವರು. ಹತ್ತು ಗಂಟೆಗೆ ಮೊದಲಾದ ನೋವಿಗೆ ಬೆಳಗಾಗುವಷ್ಟರಲ್ಲಿ ಆರು ಗಂಟೆಗಳು ಮೀರಿಹೋಗಿರುವುವು. ಬಿಸಿ ಬೇಡ, ತಿಕ್ಕುವುದು ಬೇಡ, ಕಾಯುವುದು ಬೇಡ. ಕಾಲನ್ನು ಎತ್ತರದ ದಿಂಬಿನ ಮೇಲೆ ಏರಿಸಿಡದೆ, ಸಡಿಲವಾಗಿ ಬಟ್ಟೆಯಿಂದ ಮುಚ್ಚಿ, ಚಿಕಿತ್ಸೆಯ ಕಾಗದಗಳನ್ನು ಕೈಯಲ್ಲಿ ಹಿಡಿದು, ರಕ್ತನಾಳದ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಹೊರಡಬೇಕು. ಅದೇ ರೀತಿ, ಚಿಕಿತ್ಸೆಯಾದವರಿಗೆ ಎಷ್ಟೇ ವರ್ಷಗಳ ಬಳಿಕವಾದರೂ ಹೊಟ್ಟೆಯಲ್ಲಿಯೋ ಬೆನ್ನಿನಲ್ಲಿಯೋ ಹಠಾತ್ತಾಗಿ ಘೋರವ್ಯಥೆಯುಂಟಾಗಿ ಬವಳಿ ಬಂದರೆ, ಉಬ್ಬು ಬಿರಿದಿರಬಹುದೆಂದು ತಿಳಿದು ಆ ಕ್ಷಣವೇ ಹೊರಡಬೇಕು.

ಹೊತ್ತಿಗೆ ಸರಿಯಾಗಿ ಹೋದವರಿಗೆ ವೈದ್ಯರು ಮಾಡಬಹುದಾದುದು ಬಹಳವಿದೆ. ಅಮೆರಿಕದ ಥಾಮಸ್ ಫೋಗಾರ್ಟಿಯವರು ವಿದ್ಯಾರ್ಥಿಯಾಗಿದ್ದಾಗಲೇ ಯೋಚಿಸಿ ನಿರ್ಮಿಸಿ, ೧೯೬೩ರಲ್ಲಿ ವೈದ್ಯಲೋಕಕ್ಕೆ ತಿಳಿಸಿದ ಸಣ್ಣ ಉಪಕರಣವೊಂದಿದೆ. ಸಣ್ಣ ನಳಿಗೆಯ ತುದಿಗೆ ಶಸ್ತ್ರವೈದ್ಯರ ಕೈಗವಸಿನ ಬೆರಳಿನಿಂದ ಕತ್ತರಿಸಿದ ರಬ್ಬರಿನ ಚೂರನ್ನು, ಗಾಳದ ದಾರಕ್ಕೆ ಹಾಕುವ ಗಂಟಿನಿಂದ ಕಟ್ಟಿ ಅವರು ಮೊದಲನೆಯದನ್ನು ಮಾಡಿದರು. ಅದನ್ನು ಗರಣೆಯ ಆಚೆಗೆ ತೂರಿಸಿ, ತುದಿಯ ಬುಗ್ಗೆಯನ್ನು ಉಬ್ಬಿಸಿ, ಮೆಲ್ಲನೆ ಹಿಂದಕ್ಕೆ ಎಳೆದರೆ ಗರಣೆಯೆಲ್ಲವೂ ಹೊರಕ್ಕೆ ಬರುವುದು. ಗರಣೆಯನ್ನು ಕರಗಿಸುವ ಔಷಧವನ್ನು ನಳಿಗೆಯ ಮೂಲಕ ಅಲ್ಲಿಗೇ ಬಿಡುವ ಕ್ರಮವೂ ಉಂಟು. ಮಡಿಸಿಕೊಂಡ ಕಡೆಯನ್ನು ಇನ್ನೊಂದು ಲೋಹದ ಚೌಕಟ್ಟಿನಿಂದ ನೆಟ್ಟಗೆ ಮಾಡುವರು. ಯಾವುದೂ ಆಗದಿದ್ದರೆ, ಒಳ್ಳೆಯ ಕಾಲಿನ ಧಮನಿಯಿಂದ ಚರ್ಮದಡಿಯಲ್ಲಿ ಕೊಳವೆಯನ್ನು ಹಾಯಿಸಿ ಇನ್ನೊಂದು ಕಾಲಿಗೆ ರಕ್ತವನ್ನು ಹಂಚುವರು. ಪಕ್ಕದ ಗದ್ದೆಯ ಕಾಲುವೆಯಿಂದ ನೀರು ತಿರುಗಿಸಿದ ಹಾಗೆ.

ಈ ಉಪಾಯಗಳೆಲ್ಲವೂ ಫಲಿಸಬೇಕಾದರೆ ರೋಗಿಯು ಹೊತ್ತಿಗೆ ಅಲ್ಲಿಗೆ ಮುಟ್ಟಬೇಕು. ಮುಟ್ಟಿಸುವವರು ಮನೆಯವರು, ಗುರುತಿಸಬೇಕಾದವರೂ ಅವರೇ. ಅದಕ್ಕೆ ವೈದ್ಯಶಾಸ್ತ್ರದ ಪಾಂಡಿತ್ಯವು ಬೇಕಿಲ್ಲ. ಬೀಡಿ ಸಿಗರೇಟುಗಳನ್ನು ಮನೆಯಿಂದ ದೂರವಿಡುವುದು, ಮಾತ್ರೆಗಳನ್ನು ಹೊತ್ತಿಗೆ ಕೊಡುವುದು, ವರ್ಷದ ಪರೀಕ್ಷೆಯ ದಿನವನ್ನು ಪಂಚಾಂಗದಲ್ಲಿ ಗುರುತು ಹಾಕುವುದು, ದಿನಕ್ಕೊಮ್ಮೆ ಹಿರಿಯರ ಎರಡು ಪಾದಗಳನ್ನೂ ಮುಟ್ಟಿ ನೋಡುವುದು, ಇಷ್ಟೇ. ಹಿರಿಯರ ಪಾದ ಮುಟ್ಟುವುದು ನಮ್ಮ ಮನೆಗಳಿಗೆ ಹೊಸದಲ್ಲ. ಅದು ಬೆಚ್ಚಗಿದೆಯೇ ಎಂದು ನೋಡುವುದೊಂದನ್ನು ಹೊಸದಾಗಿ ಕಲಿತರೆ ಸಾಕು.